ಒಡೆದ ತಂಬೂರಿಯ ದುರಸ್ತಿ

ಹಿಂದುಸ್ತಾನಿ ಗಾಯನದಲ್ಲಿ ಶ್ರುತಿಗೆ ಆಧಾರವಾದ ತಂಬೂರಿಯು ನೋಟಕ್ಕೆ ಗಟ್ಟಿಮುಟ್ಟಾಗಿ ಕಂಡರೂ ಸ್ವಭಾವದಲ್ಲಿ ಬಲು ಸೂಕ್ಷ್ಮವಾದ ವಾದ್ಯ. ಅದರ ದಂಡಿ ಮತ್ತು ಮುಖದ ಹಲಗೆ ಮರದವು. ತಳಭಾಗವಾದರೋ ಒಣಗಿಸಿದ ಸೋರೆಬುರುಡೆ. ಕೈಜಾರಿ ಬಿದ್ದಾಗ ಸಾಮಾನ್ಯವಾಗಿ ಮೊದಲು ಒಡೆಯುವುದು ಈ ಬುರುಡೆಯೇ. ಒಡೆದ ಮಾತ್ರಕ್ಕೆ ವಾದ್ಯವನ್ನು ಅಟ್ಟಕ್ಕೇರಿಸಬೇಕಾಗಿಲ್ಲ. ಆದರೆ ಅವಸರದ ದುರಸ್ತಿಯು ಬಿದ್ದ ಪೆಟ್ಟಿಗಿಂತಲೂ ಹೆಚ್ಚಿನ ಹಾನಿಯನ್ನುಂಟುಮಾಡಬಲ್ಲದು.

ಮೊದಲನೆಯದಾಗಿ, ನಾಲ್ಕೂ ತಂತಿಗಳನ್ನು ಸಡಿಲಿಸತಕ್ಕದ್ದು. ತಂತಿಗಳ ಸೆಳೆತ ಹಾಗೆಯೇ ಇದ್ದರೆ ಬಿರುಕು ಹಿಗ್ಗುತ್ತದೆ. ಬಳಿಕ ಉದುರಿದ ಚೂರುಗಳನ್ನೆಲ್ಲ, ಉಗುರಿನಷ್ಟು ಚಿಕ್ಕದನ್ನೂ ಬಿಡದೆ, ಆಯ್ದಿಡಬೇಕು. ಅಂಟು ಹಚ್ಚುವ ಮೊದಲು ಚೂರುಗಳನ್ನು ಹಾಗೆಯೇ ಜೋಡಿಸಿ ನೋಡಿ, ಅವುಗಳ ಸ್ಥಾನ ಮತ್ತು ಕ್ರಮವನ್ನು ಗುರುತಿಸಿಕೊಳ್ಳುವುದು ಅವಶ್ಯ.

ಅಂಟಿನ ಆಯ್ಕೆಯೇ ಇಲ್ಲಿ ಮುಖ್ಯವಾದುದು. ಬಡಿಗರು ಬಳಸುತ್ತಿದ್ದ ಸರೇಸು ಈ ಕೆಲಸಕ್ಕೆ ಯೋಗ್ಯ. ಅದನ್ನು ತಣ್ಣೀರಿನಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು, ಆ ಪಾತ್ರೆಯನ್ನು ಬಿಸಿನೀರಿನಲ್ಲಿರಿಸಿ ಕರಗಿಸಬೇಕು. ಕುದಿಸಿದರೆ ಅದರ ಕಸುವು ಕುಂದುತ್ತದೆ. ಸರೇಸಿನ ಬೆಸುಗೆಯನ್ನು ಶಾಖ ಮತ್ತು ತೇವದಿಂದ ಮುಂದೆಂದಾದರೂ ಬಿಡಿಸಬಹುದು. ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ಅಂಟನ್ನಾದರೋ ಬಿಡಿಸಹೋದರೆ ಬುರುಡೆಯೇ ಕಿತ್ತುಬರುತ್ತದೆ. ಮೊಳೆ ಹೊಡೆಯುವುದಂತೂ ಸರ್ವಥಾ ಸಲ್ಲದು. ಮನೆಯಲ್ಲಿ ಮಾಡಿದ ಕೆಲಸವು ನಾಳಿನ ಕುಶಲಕರ್ಮಿಯ ಕೈ ಕಟ್ಟುವಂತಿರಬಾರದು.

ಚೂರುಗಳ ಅಂಚಿಗೆ ಬೆಚ್ಚಗಿನ ಸರೇಸನ್ನು ತೆಳುವಾಗಿ ಸವರಿ ಕೂಡಿಸಬೇಕು. ಕೈ ತೂರುವಷ್ಟು ರಂಧ್ರವಿದ್ದರೆ, ಕೊನೆಯ ಚೂರನ್ನು ಕೂಡಿಸುವ ಮುನ್ನ ಒಳಮೈಯ ಬಿರುಕುಗಳ ಮೇಲೆ ಸರೇಸಿನಲ್ಲಿ ಅದ್ದಿದ ತೆಳುವಾದ ಹತ್ತಿಬಟ್ಟೆಯ ಪಟ್ಟಿಗಳನ್ನು ಅಂಟಿಸಬೇಕು. ಹೊರಗಿನಿಂದ ಸೈಕಲ್ಲಿನ ಹಳೆಯ ಟ್ಯೂಬನ್ನು ಪಟ್ಟಿಗಳಾಗಿ ಕತ್ತರಿಸಿ ಹದವಾಗಿ ಬಿಗಿದು, ಒಂದು ಪೂರ್ಣ ಹಗಲು-ರಾತ್ರಿ ನೆರಳಿನಲ್ಲಿ ಒಣಗಲು ಬಿಡಬೇಕು. ಉಳಿದ ಸಣ್ಣ ಸಂದುಗಳಿಗೆ ಮರದ ನುಣ್ಣನೆಯ ಹೊಟ್ಟನ್ನು ಸರೇಸಿನಲ್ಲಿ ಕಲಸಿ ತುಂಬಬಹುದು. ಒಣಗಿದ ಮೇಲೆ ಬೆರಳಿನಿಂದ ತಟ್ಟಿದಾಗ ಗಿರಗಿರ ಸದ್ದು ಬಂದರೆ ಎಲ್ಲಿಯೋ ಬೆಸುಗೆ ಕೂಡಿಲ್ಲವೆಂದು ತಿಳಿಯಬೇಕು.

ತಂತಿಗಳನ್ನು ಒಂದೇ ದಿನ ಶ್ರುತಿಗೇರಿಸದೆ, ಮೂರು ನಾಲ್ಕು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯುವುದು ಕ್ಷೇಮ. ಸರೇಸು ತೇವಕ್ಕೆ ಮೆತ್ತಗಾಗುವುದರಿಂದ ವಾದ್ಯವನ್ನು ಮಳೆಗಾಲದ ಥಂಡಿಯಿಂದ ಕಾಪಾಡಬೇಕು.

ಮನೆಯ ಕೆಲಸಕ್ಕೆ ಇಷ್ಟೇ ಮಿತಿ. ದಂಡಿ ತಿರುಚಿದ್ದರೆ, ದಂಡಿ ಬುರುಡೆಗಳ ಸಂಧಿ ಬಿಟ್ಟಿದ್ದರೆ ನುರಿತವರೇ ಬೇಕು. ಜವಾರಿ ಎಂಬ ಝೇಂಕಾರವನ್ನು ಹೊರಡಿಸುವ ಕುದುರೆಯ ಮೇಲ್ಮೈಗೆ ಅರ ಹಚ್ಚಲೇಬಾರದು. ಕುದುರೆಯ ಮೇಲಿನ ದಾರವನ್ನು ಹಿಂದುಮುಂದು ಸರಿಸಬಹುದು, ಅಷ್ಟೆ. ಆ ವಿದ್ಯೆಯಲ್ಲಿ ಪಳಗಿದ ಕುಟುಂಬಗಳು ಉತ್ತರ ಕರ್ನಾಟಕಕ್ಕೆ ನೆರೆಯೂರಾದ ಮಿರಜಿನಲ್ಲಿವೆ. ಅಲ್ಲಿಯ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ.

ದಾನಿಗಳು ಅಭಿಮಾನದಿಂದ ಕೊಟ್ಟ ವಾದ್ಯವು ಒಂದು ಬಿರುಕಿಗಾಗಿ ಮೂಲೆ ಸೇರಿದರೆ, ಅದರ ಶ್ರುತಿಯಲ್ಲಿ ಕಲಿಯಬೇಕಾದ ಮಕ್ಕಳಿಗೆ ನಷ್ಟವಾಗುತ್ತದೆ. ಸಂಗೀತದ ಪಾಠದ ಜೊತೆಗೆ ವಾದ್ಯವನ್ನು ಜೋಪಾನ ಮಾಡುವ ಈ ಪಾಠವನ್ನೂ ಮಕ್ಕಳಿಗೆ ಕಲಿಸುವುದು ಉಚಿತ.