ವಾಪಸ್ ಬಂದ ಮಾಲಿನ ಲೆಕ್ಕ

ಮಗಳೇ,

ಮೊದಲ ಪಾರ್ಸೆಲ್ ತಿರುಗಿ ಬಂದ ದಿನ ಯಾರಿಗೂ ಊಟ ರುಚಿಸುವುದಿಲ್ಲ. ಮಹಾರಾಷ್ಟ್ರದ ಗಡಿಯಲ್ಲಿರುವ ನಿಮ್ಮ ಸಲಗರದಂಥ ಊರಲ್ಲಿ ಅದು ಇನ್ನೂ ಕಷ್ಟ. ಕೊರಿಯರ್ ಹುಡುಗನ ಗಾಡಿ ಯಾರ ಮನೆ ಮುಂದೆ ನಿಂತಿತು, ಎಷ್ಟು ಚೀಲ ಇಳಿಸಿದ ಅನ್ನುವುದು ಓಣಿಗೆಲ್ಲ ಗೊತ್ತಾಗುತ್ತದೆ. "ಮಾಲು ಚಲೋ ಇಲ್ಲಂತ, ತಿರುಗಿ ಬಂತಂತ" ಎಂಬ ಮಾತು ಸಂಜೆಯೊಳಗೆ ಅಗಸಿ ಮುಟ್ಟುತ್ತದೆ. ನೀನು ಮೊಬೈಲಿನಲ್ಲಿ ಚಾದರ, ಟಾವೆಲ್ ಮಾರಲು ಹೊರಟಿದ್ದೀ ಅಂತ ನಿನ್ನ ಅಪ್ಪ ಹೇಳಿದ. ನನಗೆ ಬಹಳ ಸಂತೋಷವಾಯಿತು. ಮಾರುವುದನ್ನು ಕಲಿಸಲು ಯೂಟ್ಯೂಬಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ತಿರುಗಿ ಬಂದದ್ದನ್ನು ಏನು ಮಾಡಬೇಕು ಅನ್ನುವುದನ್ನು ಈ ಕಾಕಾ ಹೇಳುತ್ತೇನೆ, ಕೇಳು.

ಸೋಲಾಪುರದ ಜವಳಿ ಅಂಗಡಿಯಲ್ಲಿ ನನ್ನ ಆಯುಷ್ಯದ ಬಹುಪಾಲು ಕಳೆದಿದೆ. ಇಂಡಿ, ಅಫಜಲಪುರ, ಆಳಂದದ ಕಡೆಯಿಂದ ಲಗ್ನದ ಜವಳಿಗೆ ಬಂದವರು ಗಾದಿಯ ಮುಂದೆ ಕೂತರೆಂದರೆ ಹತ್ತು ಚಾದರ ಬಿಚ್ಚಿಸುತ್ತಿದ್ದರು. ಅಂಚು ಹಿಡಿದು ಎಳೆದು, ಬೆಳಕಿಗೆ ಹಿಡಿದು, ಕೆನ್ನೆಗೆ ಒತ್ತಿ ನೋಡಿ ಒಂದನ್ನು ಆರಿಸುತ್ತಿದ್ದರು. ಉಳಿದ ಒಂಬತ್ತನ್ನು ಮಡಚಿ ಇಡುವುದು ನಮ್ಮ ಕೆಲಸ. ಆ ಒಂಬತ್ತನ್ನು ಯಾವ ಅಂಗಡಿಕಾರನೂ ಲುಕ್ಸಾನು ಅಂದಿಲ್ಲ, ಗಿರಾಕಿ ಅವಮಾನ ಮಾಡಿದಳು ಅಂದಿಲ್ಲ. ನಿನ್ನ ಗಿರಾಕಿಗೆ ಆ ಅವಕಾಶ ಇಲ್ಲ. ಅವಳು ಫೋಟೋ ನೋಡಿದ್ದಾಳೆ ಅಷ್ಟೇ. ಬಟ್ಟೆ ಅವಳ ಕೈಗೆ ಸಿಗುವುದು ಮನೆಗೆ ಬಂದ ಮೇಲೆ, ಆರಿಸುವುದೂ ಆಗಲೇ. ನಾವು ಗಾದಿಯ ಮೇಲೆ ಮಡಚುತ್ತಿದ್ದ ಚಾದರವೇ ನಿನಗೆ ನೂರಾರು ಮೈಲಿ ತಿರುಗಿ ಬರುತ್ತದೆ. ಹೆಚ್ಚಿನದೆಂದರೆ ಸಾಗಣೆ ಖರ್ಚು. ಆ ಖರ್ಚನ್ನು ದರ ಕಟ್ಟುವ ದಿನವೇ ಲೆಕ್ಕಕ್ಕೆ ಹಿಡಿ, ತಿರುಗಿ ಬಂದ ದಿನ ಅಳಬೇಡ. ನಾನು ಹೇಳಬೇಕೆಂದಿರುವುದರ ತಿರುಳು ಇದು.

ಲೆಕ್ಕ ಹೇಗೆ ಹಿಡಿಯಬೇಕು ಅನ್ನುವುದನ್ನು ಅಂಕಿ ಇಟ್ಟೇ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ, ನಿನ್ನವು ಬೇರೆ ಇರುತ್ತವೆ. 400 ರೂಪಾಯಿಗೆ ಮಗ್ಗದವರಿಂದ ತಂದ ಚಾದರಕ್ಕೆ ಕಮಿಷನ್, ಸಾಗಣೆ, ಪ್ಯಾಕಿಂಗ್ ಎಲ್ಲ ಕಳೆದು 100 ರೂಪಾಯಿ ಉಳಿಯುವಂತೆ ದರ ಕಟ್ಟಿದ್ದೀ ಅನ್ನು. ನೂರು ಆರ್ಡರ್ ಬಂದವು. ಹನ್ನೆರಡು ಮಂದಿ ಬಾಗಿಲಲ್ಲೇ ಬೇಡ ಅಂದರು, ಇಲ್ಲವೆ ಮನೆಯಲ್ಲಿ ಸಿಗಲಿಲ್ಲ. ಎಂಟು ಮಂದಿ ತೆಗೆದುಕೊಂಡು ಆಮೇಲೆ ವಾಪಸ್ ಕಳಿಸಿದರು. ಎಂಬತ್ತು ಚಾದರಕ್ಕೆ ನಿನ್ನ ಲಾಭ 8000. ತಿರುಗಿ ಬಂದ ಇಪ್ಪತ್ತರ ಪ್ಯಾಕಿಂಗ್ ತಲಾ 15ರಂತೆ 300 ಹೋಯಿತು. ಎಂಟರ ವಾಪಸ್ ಸಾಗಣೆ ತಲಾ 150ರಂತೆ 1200. ಆ ಎಂಟರಲ್ಲಿ ಮೂರು ಹೊಸ ಮಾಲೆಂದು ಮಾರಲು ಬರುವುದಿಲ್ಲ, ಸಂತೆಯಲ್ಲಿ 250ಕ್ಕೆ ಕೊಟ್ಟರೆ 450 ಹೋಯಿತು. ಒಟ್ಟು 1950. ಕೈಯಲ್ಲಿ ಉಳಿದದ್ದು 6050, ಅಂದರೆ ಚಾದರಕ್ಕೆ ನೂರಲ್ಲ, ಎಪ್ಪತ್ತೈದು ಚಿಲ್ಲರೆ. ಈ ಎಪ್ಪತ್ತೈದರಲ್ಲಿ ಮನೆ ನಡೆಯುತ್ತದೆಯೇ ಎಂದು ಮೊದಲು ನೋಡಿಕೋ. ನಡೆಯದಿದ್ದರೆ ದರ ಏರಿಸು ಇಲ್ಲವೆ ಆ ಮಾಲು ಬಿಡು.

ಇನ್ನೊಂದು ಖರ್ಚು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಆ ಇಪ್ಪತ್ತು ಚಾದರ ದಾರಿಯಲ್ಲಿ ಅಲೆಯುವಷ್ಟು ದಿನ ನಿನ್ನ 8000 ರೂಪಾಯಿ ಬಂಡವಾಳವೂ ಅವುಗಳ ಜೊತೆ ಅಲೆಯುತ್ತಿರುತ್ತದೆ. ಹೊಸಬರು ಬಹಳ ಮಂದಿ ಕುಸಿಯುವುದು ಇಲ್ಲಿಯೇ. ಲಾಭ ಇದ್ದೂ ಕೈಯಲ್ಲಿ ರೊಕ್ಕ ಇರುವುದಿಲ್ಲ, ಮಗ್ಗದವರಿಗೆ ಉದ್ರಿ ಹೇಳಬೇಕಾಗುತ್ತದೆ.

ಬಾಗಿಲಲ್ಲೇ ಬೇಡವೆಂದದ್ದು ಬೇರೆ, ಬಳಸಿ ನೋಡಿ ಕಳಿಸಿದ್ದು ಬೇರೆ. ಮೊದಲನೆಯದನ್ನು ಆರ್‌ಟಿಓ ಅನ್ನುತ್ತಾರೆ, ಹೆಚ್ಚಾಗಿ ಕ್ಯಾಶ್ ಆನ್ ಡೆಲಿವರಿ ಆರ್ಡರುಗಳಲ್ಲಿ ಬರುತ್ತದೆ. ಹಲವು ಕಡೆ ಅದರ ಸಾಗಣೆಯನ್ನು ಮಾರುವವರ ಮೇಲೆ ಹಾಕುವುದಿಲ್ಲ. ನೀನು ಸೇರಿದ ಕಂಪನಿಯ ದರಪಟ್ಟಿ ಓದಿಯೇ ಮುಂದುವರಿ. ಎರಡನೆಯದರಲ್ಲಿ ಗಿರಾಕಿ ಒಂದು ಕಾರಣ ಬರೆದಿರುತ್ತಾಳೆ. ಆ ಕಾರಣ ನಿನಗೆ ಬಂಗಾರ. ಒಂದು ವಹಿ ಮಾಡು. ತಾರೀಖು, ಯಾವ ಡಿಸೈನು, ಯಾವ ಊರಿಂದ, ಏನು ಕಾರಣ, ಮಾಲು ಯಾವ ಸ್ಥಿತಿಯಲ್ಲಿ ಬಂತು, ರೊಕ್ಕ ಎಷ್ಟು ಕಡಿತವಾಯಿತು ಎಂದು ಕನ್ನಡದಲ್ಲೇ ಬರೆದಿಡು. ಬಸವಣ್ಣನವರು ಬಿಜ್ಜಳನ ಕರಣಿಕರಾಗಿ ಲೆಕ್ಕ ಬರೆದರೆಂದು ಕೇಳಿಕೊಂಡು ಬಂದ ಮಂಗಳವೇಢೆ ನಮ್ಮ ಜಿಲ್ಲೆಯಲ್ಲೇ ಇದೆ. ಲೆಕ್ಕ ಬರೆಯುವುದು ಕೀಳು ಕೆಲಸವೆಂದು ನಮ್ಮ ಕಡೆಯವರು ಯಾವತ್ತೂ ತಿಳಿದಿಲ್ಲ.

ಚಾದರದ ವ್ಯಾಪಾರದಲ್ಲಿ ಕಾರಣಗಳು ಸುಮಾರಾಗಿ ಇವೇ: "ಫೋಟೋದ ಬಣ್ಣ ಬೇರೆ", "ಸಣ್ಣದು", "ತೆಳ್ಳಗಿದೆ", "ಬಣ್ಣ ಬಿಟ್ಟಿತು". ನಾಲ್ಕರಲ್ಲಿ ಮೂರಕ್ಕೆ ಔಷಧ ನಿನ್ನ ಫೋಟೋ ಮತ್ತು ಬರಹದಲ್ಲೇ ಇದೆ. ಬೆಳಗಿನ ಬಿಸಿಲಲ್ಲಿ ಫೋಟೋ ತೆಗೆ, ಟ್ಯೂಬ್‌ಲೈಟಿನ ಕೆಳಗೆ ಬೇಡ. ನಮ್ಮ ಜಕಾರ್ಡ್ ಚಾದರದಲ್ಲಿ ಒಂದು ಮಗ್ಗುಲಿನ ಬಣ್ಣ ಇನ್ನೊಂದು ಮಗ್ಗುಲಲ್ಲಿ ಅದಲುಬದಲಾಗಿರುತ್ತದೆ. ದೂರದ ಗಿರಾಕಿಗೆ ಇದು ಗೊತ್ತಿಲ್ಲ, ಎರಡೂ ಮಗ್ಗುಲು ತೋರಿಸು. ಅಳತೆಯನ್ನು ಇಂಚಿನಲ್ಲೂ ಬರೆ, ಫುಟ್ಟಿನಲ್ಲೂ ಬರೆ. ಚಾದರ ಮಂಚದ ಮೇಲೆ ಹಾಸಿದ ಫೋಟೋ ಒಂದಿರಲಿ. ತೂಕ ಬರೆಯಲು ಮರೆಯಬೇಡ, ತೆಳ್ಳಗೋ ದಪ್ಪವೋ ಎಂಬ ಜಗಳ ತೂಕದಿಂದ ತೀರುತ್ತದೆ. ಗಾಢ ಬಣ್ಣದ ಹತ್ತಿ ಮಾಲನ್ನು ಮೊದಲ ಸಲ ತಣ್ಣೀರಲ್ಲಿ ಬೇರೆಯಾಗಿ ಒಗೆಯಿರಿ ಎಂಬ ಚೀಟಿಯನ್ನು ಕನ್ನಡ, ಮರಾಠಿ, ಹಿಂದಿಯಲ್ಲಿ ಬರೆದು ಒಳಗಿಡು.

ಸೋಲಾಪುರಿ ಚಾದರಕ್ಕೂ ಸೋಲಾಪುರಿ ಟಾವೆಲಿಗೂ ಸರ್ಕಾರದ ಜಿಐ (ಭೌಗೋಳಿಕ) ಗುರುತು ಇದೆ. ಬೇರೆ ಊರಲ್ಲಿ ಅಗ್ಗಕ್ಕೆ ಮಾಡಿದ ಮಾಲಿಗೆ ಈ ಹೆಸರು ಹಚ್ಚಿ ಮಾರುತ್ತಾರೆಂಬ ನೋವು ಇಲ್ಲಿನ ಮಗ್ಗದವರಿಗೆ ಹಿಂದಿನಿಂದಲೂ ಇದೆ. ಐವತ್ತು ರೂಪಾಯಿ ಆಸೆಗೆ ನೀನು ಆ ಸಾಲಿಗೆ ಸೇರಬೇಡ. ಹಾಗೆ ಮಾರಿದ ಮಾಲು ತಿರುಗಿ ಬಂದರೆ ತಪ್ಪು ಗಿರಾಕಿಯದಲ್ಲ.

ಕಾನೂನೂ ಗೊತ್ತಿರಲಿ. 2020ರ ಜುಲೈಯಲ್ಲಿ ಬಂದ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ, ಮಾಲು ದೋಷದ್ದಾಗಿದ್ದರೆ, ಬರೆದಂತೆ ಇಲ್ಲದಿದ್ದರೆ, ಹೇಳಿದ ದಿನಕ್ಕೆ ಮುಟ್ಟದಿದ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ, ರೊಕ್ಕ ಕೊಡುವುದಿಲ್ಲ ಎನ್ನಲು ಮಾರುವವರಿಗೆ ಅಧಿಕಾರವಿಲ್ಲ. ನೆರೆಹಾವಳಿಯಂಥ ಕೈಮೀರಿದ ಕಾರಣಕ್ಕೆ ತಡವಾದರೆ ಮಾತ್ರ ವಿನಾಯಿತಿ. ಗಿರಾಕಿಯ ವೇಷ ಹಾಕಿ ತಾನೇ ತನ್ನ ಮಾಲನ್ನು ಹೊಗಳಿ ರಿವ್ಯೂ ಬರೆಯುವುದಕ್ಕೂ ಅದೇ ನಿಯಮಗಳಲ್ಲಿ ನಿಷೇಧವಿದೆ. ಗೆಳತಿಯರಿಂದ ಬರೆಯಿಸೋಣ ಎಂದು ಯಾರಾದರೂ ಬುದ್ಧಿ ಹೇಳಿದರೆ ಕೇಳಬೇಡ.

ಮೋಸ ಮಾಡುವ ಗಿರಾಕಿಗಳೂ ಇದ್ದಾರೆ, ಇಲ್ಲವೆಂದು ಹೇಳಿ ನಿನ್ನನ್ನು ಕುರುಡಿ ಮಾಡುವುದಿಲ್ಲ. ಹೊಸ ಚಾದರ ಇಟ್ಟುಕೊಂಡು ಹಳೆಯದನ್ನು ಚೀಲಕ್ಕೆ ತುಂಬಿ ಕಳಿಸುವವರು, ಲಗ್ನದ ಮನೆಯಲ್ಲಿ ನಾಲ್ಕು ದಿನ ಹಾಸಿ ವಾಪಸ್ ಮಾಡುವವರು ಸಿಗುತ್ತಾರೆ. ಅವರೆದುರು ಕೂಗಾಡಿ ಪ್ರಯೋಜನವಿಲ್ಲ, ಪುರಾವೆ ಬೇಕು. ಕಳಿಸುವಾಗ ಚಾದರದ ಮೂಲೆಗೆ ನಂಬರಿನ ಚಿಕ್ಕ ಪಟ್ಟಿ ಹೊಲಿದು, ಪ್ಯಾಕ್ ಮಾಡುವುದನ್ನು ವಿಡಿಯೋ ಮಾಡು. ತಿರುಗಿ ಬಂದದ್ದನ್ನು ಬಿಚ್ಚುವಾಗಲೂ ವಿಡಿಯೋ ಇರಲಿ. ಮೊದಲು ಲೇಬಲ್ಲಿನ ನಂಬರು, ಆಮೇಲೆ ಚೀಲದ ಎಲ್ಲ ಮಗ್ಗುಲು, ಅಂಟು ಬಿಚ್ಚಿದ್ದೋ ಇಲ್ಲವೋ, ಕೊನೆಗೆ ಒಳಗಿನ ಮಾಲು ಮತ್ತು ನಿನ್ನ ಪಟ್ಟಿ, ಎಲ್ಲವೂ ನಡುವೆ ಎಲ್ಲೂ ನಿಲ್ಲಿಸದ ಒಂದೇ ವಿಡಿಯೋದಲ್ಲಿ ಬರಬೇಕು. ಅಮೆಜಾನ್‌ನಲ್ಲಿ ಸೇಫ್-ಟಿ ಕ್ಲೇಮ್, ಫ್ಲಿಪ್‌ಕಾರ್ಟ್‌ನಲ್ಲಿ ಎಸ್‌ಪಿಎಫ್ ಎಂಬ ಹೆಸರಲ್ಲಿ ಪರಿಹಾರ ಕೇಳಬಹುದು, ಮೀಶೋದಲ್ಲೂ ಕ್ಲೇಮ್ ಹಾಕುವ ದಾರಿ ಇದೆ. ಎಲ್ಲದಕ್ಕೂ ಗಡುವು ಇದೆ. ನಾಳೆ ನೋಡೋಣವೆಂದು ಮೂಲೆಗೆ ಒಗೆದ ಚೀಲ ಗಡುವು ಮೀರಿದ ಮೇಲೆ ಬರೀ ಲುಕ್ಸಾನು. ಹಳ್ಳಿಗೆ ಕೊರಿಯರಿನವರು ಐದಾರು ಚೀಲ ಒಟ್ಟಿಗೆ ತರುತ್ತಾರೆ. ಅವಸರ ಮಾಡಿದರೂ ಎಣಿಸದೆ ಒಟಿಪಿ ಹೇಳಬೇಡ, ಸಹಿ ಹಾಕಬೇಡ. ಮನೆಯಲ್ಲಿ ನೀನಿಲ್ಲದಾಗ ಅವ್ವನಿಗೂ ಇದನ್ನು ತಿಳಿಸಿರು.

ರಿಫಂಡಿನ ಹೆಸರಲ್ಲಿ ಬರುವ ಫೋನಿಗೆ ಬಹಳ ಎಚ್ಚರ. ಗಿರಾಕಿಗೆ ರೊಕ್ಕ ತಿರುಗಿ ಕೊಡುವುದು ಕಂಪನಿ, ಅದನ್ನು ನಿನ್ನ ಪಾವತಿಯಲ್ಲಿ ಕಡಿಯುತ್ತದೆ. ಯಾರೋ ಫೋನ್ ಮಾಡಿ "ಅಕ್ಕಾ, ನನಗೆ ನೇರ ಫೋನ್‌ಪೇ ಮಾಡಿ" ಅಂದರೆ ಮಾಡಬೇಡ, ಅವನು ಕಂಪನಿಯಿಂದಲೂ ಪಡೆದಾನು. "ಕಂಪನಿಯಿಂದ ಮಾತಾಡುತ್ತಿದ್ದೇವೆ, ನಿಮಗೆ ರೊಕ್ಕ ಬರಬೇಕು, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂದರೆ ಅದು ಕಳ್ಳನ ಮಾತು. ರೊಕ್ಕ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಮೋಸ ಆಗಿಬಿಟ್ಟರೆ ನಾಚಿಕೆಯಿಂದ ಮುಚ್ಚಿಡದೆ ಆ ಗಳಿಗೆಯೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡು.

ಜಿಎಸ್‌ಟಿ ವಿಷಯದಲ್ಲಿ ಗಡಿಭಾಗದ ನಮಗೆ ಒಂದು ತೊಡಕಿದೆ. 2023ರ ಅಕ್ಟೋಬರ್ 1ರಿಂದ, ವಹಿವಾಟು ಮಿತಿಯೊಳಗಿರುವ ಸಣ್ಣ ವ್ಯಾಪಾರಿಗಳು ಪೂರ್ತಿ ನೋಂದಣಿ ಇಲ್ಲದೆ ಎನ್‌ರೋಲ್‌ಮೆಂಟ್ ನಂಬರಿನ ಮೇಲೆ ಆನ್‌ಲೈನ್ ಮಾರಬಹುದು, ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ಹಾಗಾದರೆ ನೀನು ದೂರದ ನಾಗಪುರಕ್ಕೆ ಕಳಿಸಬಹುದು, ಬಗಲಲ್ಲಿದ್ದರೂ ಕರ್ನಾಟಕದ ಅಫಜಲಪುರಕ್ಕೆ ಕಳಿಸುವ ಹಾಗಿಲ್ಲ. ನಮ್ಮ ಬಂಧು ಬಳಗ, ನಮ್ಮ ಭಾಷೆಯ ಗಿರಾಕಿ ಎಲ್ಲ ಆಚೆಯೇ ಇರುವಾಗ ನೋಂದಣಿ ಮಾಡಿಸುವುದೇ ಚಲೋ ಎಂಬುದು ನನ್ನ ಅಭಿಪ್ರಾಯ. ಮಾಡಿಸಿದ ಮೇಲೆ ವಾಪಸ್ ಬಂದ ಮಾಲಿಗೆ ಕ್ರೆಡಿಟ್ ನೋಟ್ ಮಾಡಿ ತೆರಿಗೆ ತಗ್ಗಿಸಿಕೊಳ್ಳಬೇಕು. ಕಂಪನಿ 2024ರ ಜುಲೈ 10ರಿಂದ ನೂರಕ್ಕೆ ಅರ್ಧ ರೂಪಾಯಿಯಂತೆ ಹಿಡಿಯುವ ಟಿಸಿಎಸ್ ಎಂಬ ತೆರಿಗೆ ಸಹ ವಾಪಸ್ ಬಂದದ್ದನ್ನು ಕಳೆದು ಉಳಿದ ಮೊತ್ತದ ಮೇಲೆಯೇ. ಅಕ್ಕಲಕೋಟೆಯಲ್ಲಿ ಲೆಕ್ಕ ನೋಡುವವರ ಹತ್ತಿರ ಹೋಗುವಾಗ ಆ ವಹಿಯನ್ನು ಒಯ್ಯಿ. ಮಾರಾಟದ ಪಟ್ಟಿ ಮಾತ್ರ ಕೊಟ್ಟರೆ ಬಾರದ ರೊಕ್ಕಕ್ಕೂ ತೆರಿಗೆ ಕಟ್ಟಿಬಿಡುತ್ತೀ.

ತಿರುಗಿ ಬಂದದ್ದನ್ನು ಮತ್ತೆ ಮಾರುವ ಮೊದಲು ಬಿಸಿಲಿಗೆ ಹರವಿ ಕಲೆ, ಕೂದಲು, ವಾಸನೆ ನೋಡು. ಮೂಗಿಗೆ ಸಂಶಯ ಬಂದರೂ ಸಾಕು, ಹೊಸದೆಂದು ಇನ್ನೊಬ್ಬರಿಗೆ ಕಳಿಸಬೇಡ. ಅದನ್ನು ಬಳಸಿದ ಮಾಲು ಎಂದು ಹೇಳಿಯೇ ಸಂತೆಯಲ್ಲಿ ಕೊಡು, ಇಲ್ಲವೆ ಮನೆಯಲ್ಲಿ ಹಾಸು. ಕೂಲಿಯ ರೊಕ್ಕ ಕೂಡಿಸಿ ಮಗನ ಲಗ್ನಕ್ಕೆ ಚಾದರ ತರಿಸಿಕೊಂಡ ತಾಯಿ ಚೀಲ ಬಿಚ್ಚಿದಾಗ ಬೇರೆಯವರ ಮನೆಯ ಎಣ್ಣೆ ವಾಸನೆ ಬಂದರೆ, ಯಾವ ರಿಫಂಡೂ ಅದನ್ನು ತುಂಬಿಕೊಡುವುದಿಲ್ಲ.

ಈ ವರ್ಷದ ದೀಪಾವಳಿಗೆ ಮೂರು ನಾಲ್ಕು ಡಿಸೈನಿಗಿಂತ ಹೆಚ್ಚು ಇಡಬೇಡ. ಹಬ್ಬದಲ್ಲಿ ಆರ್ಡರ್ ಜೋರಾಗಿ ಬರುತ್ತವೆ, ಅವು ತಿರುಗಿ ಬರುವುದು ಹಬ್ಬ ಮುಗಿದ ಮೇಲೆ. ಮೊದಲ ಪಾವತಿ ಖಾತೆಗೆ ಬಿತ್ತೆಂದು ಮಗ್ಗದವರಿಗೆ ಇನ್ನೂರು ಚಾದರ ಹೇಳಬೇಡ. ಸಂಕ್ರಾಂತಿಗೆ ಸೋಲಾಪುರದಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆ ಕೂಡುವ ಹೊತ್ತಿಗೆ ಬರಬೇಕಾದದ್ದೆಲ್ಲ ಬಂದಿರುತ್ತದೆ, ಯಾವ ಡಿಸೈನು ನಿಂತಿತು, ಯಾವುದು ತಿರುಗಿತು ಎಂದು ವಹಿಯಲ್ಲಿ ಕಾಣುತ್ತದೆ. ಜಾತ್ರೆಗೆ ಬಂದಾಗ ವಹಿ ತೆಗೆದುಕೊಂಡು ಬಾ. ಕೂತು ನೋಡೋಣ, ಆಮೇಲೆ ಮಗ್ಗದವರ ಮನೆಗೆ ನಾನೇ ನಿನ್ನ ಜೊತೆ ಬರುತ್ತೇನೆ.