ಬಿಸಿಲುಗಾಲದಲ್ಲಿ ಹೊಂಡದ ಮೀನು



ಚೈತ್ರ ವೈಶಾಖದ ಬಿಸಿಲಿಗೆ ಎತ್ತನ್ನು ಮರದ ನೆರಳಿಗೆ ಕಟ್ಟುತ್ತೇವೆ. ಕೋಳಿಗೂಡಿನ ಮೇಲೆ ತೆಂಗಿನ ಗರಿ ಹೊದಿಸುತ್ತೇವೆ. ಹೊಂಡದ ಮೀನು ಮಾತ್ರ ನೀರಿನಲ್ಲೇ ಇದೆಯಲ್ಲ, ಅದಕ್ಕೇನು ಸೆಕೆ ಎಂದು ಸುಮ್ಮನಿರುತ್ತೇವೆ. ಹೀಗೆ ಸುಮ್ಮನಿದ್ದ ಕಡೆ ಒಂದು ಬೆಳಗ್ಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲುವುದುಂಟು. ತಿಂಗಳುಗಟ್ಟಲೆ ಹಾಕಿದ ಹಿಂಡಿ, ತೌಡು, ಪಟ್ಟ ಶ್ರಮ ಎಲ್ಲವೂ ಒಂದೇ ರಾತ್ರಿಗೆ ಹೋಗುತ್ತದೆ. ಜೊತೆಗೆ, ಯಾರೋ ವಿಷ ಹಾಕಿದರೆಂದು ನೆರೆಯವರ ಮೇಲೆ ಸಂಶಯವೂ ಬೆಳೆಯುತ್ತದೆ.

ನಮ್ಮ ರಾಜ್ಯದಲ್ಲಿ 2014ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ಒಣಬೇಸಾಯದ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿವೆ. ಅವುಗಳಲ್ಲಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಸಾಕುವವರೂ ಇದ್ದಾರೆ. ಅಂಥವರೆಲ್ಲರೂ ಈ ಪಾಠವನ್ನು ತಿಳಿದಿರುವುದು ಒಳ್ಳೆಯದು.

ಮೀನು ಸಾಯುವುದೇಕೆ?

ಬಹುಮಟ್ಟಿಗೆ ಮೀನನ್ನು ಕೊಲ್ಲುವುದು ಬಿಸಿಲಲ್ಲ, ಉಸಿರಿನ ಕೊರತೆ. ಮೀನು ನೀರಿನಲ್ಲಿ ಕರಗಿದ ಪ್ರಾಣವಾಯುವನ್ನು, ಎಂದರೆ ಆಮ್ಲಜನಕವನ್ನು, ಕಿವಿರುಗಳಿಂದ ಹೀರಿಕೊಳ್ಳುತ್ತದೆ. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಮೆ. 20 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಏಳೂವರೆ. 35 ಡಿಗ್ರಿಯಲ್ಲಿ 7ಕ್ಕೂ ಕಡಮೆ. ಇತ್ತ ಮೀನಿನ ಮೈ ನೀರಿನ ಜೊತೆಗೇ ಬಿಸಿಯಾಗುವುದರಿಂದ ಅದಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಆದಾಯ ಇಳಿದು ಖರ್ಚು ಏರಿದ ಸಂಸಾರದ ಸ್ಥಿತಿ ಅದರದು.

ಹೊಂಡದ ಹಸಿರು ಪಾಚಿ ಹಗಲಿನಲ್ಲಿ ಬಿಸಿಲಿನ ಬಲದಿಂದ ಆಮ್ಲಜನಕವನ್ನು ಕೊಡುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ಬಳಸುತ್ತದೆ. ತಳದ ಸಗಣಿ, ಕೊಳೆತ ಎಲೆ, ಉಳಿದ ಆಹಾರ ಇವೂ ಅದನ್ನು ತಿನ್ನುತ್ತವೆ. ಆದ್ದರಿಂದ ಕೋಳಿ ಕೂಗುವ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ಅತಿ ಕಡಮೆ. ಲೀಟರಿಗೆ 3 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಮೀನಿಗೆ ಕಷ್ಟ. ಮೋಡ ಕವಿದ ದಿನದ ಮರುದಿನ ಮತ್ತು ಬೇಸಿಗೆಯ ಮೊದಲ ಜೋರು ಮಳೆ ಬಿದ್ದ ಮೇಲೆ ಅಪಾಯ ಇನ್ನೂ ಹೆಚ್ಚು. ತಂಪಾದ ಮಳೆನೀರು ಕೆಳಗಿಳಿದು, ತಳದ ಕೆಟ್ಟ ನೀರು ಮೇಲೆ ಬರುತ್ತದೆ.

ಗುರುತಿಸುವುದು ಹೇಗೆ?

ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಅದೇ ಮೊದಲ ಎಚ್ಚರಿಕೆ. ಉಸಿರಿನ ಕೊರತೆಯಾದಾಗ ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊದಲು ಸಾಯುತ್ತವೆ. ಬಿಸಿಲೇರಿದಂತೆ ಉಳಿದವು ಚೇತರಿಸಿಕೊಳ್ಳುತ್ತವೆ. ವಿಷ ಬಿದ್ದಿದ್ದರೆ ಸಣ್ಣ ಮರಿಗಳೂ ನೀರಿನ ಹುಳುಗಳೂ ಸಾಮಾನ್ಯವಾಗಿ ಉಳಿಯುವುದಿಲ್ಲ. ನೆರೆಯವರನ್ನು ದೂರುವ ಮೊದಲು ಇದನ್ನು ನೋಡಿಕೊಳ್ಳಿ.

ಮುಂಚಿತವಾಗಿ ಮಾಡಬೇಕಾದುದು

1. ನೀರು ಐದು ಅಡಿಗೆ ಕಡಮೆಯಾಗದಂತೆ ಆದಷ್ಟೂ ನೋಡಿಕೊಳ್ಳಿ. ಆಳದ ನೀರು ಬೇಗ ಕಾಯುವುದಿಲ್ಲ.
2. ಮೊಣಕೈವರೆಗೆ ಕೈಯನ್ನು ನೀರಿಗೆ ಇಳಿಸಿ. ನೀರು ಮುಂಗೈಯ ಅರ್ಧಕ್ಕೆ ಬರುವ ಮೊದಲೇ ಅಂಗೈ ಹಸಿರಿನಲ್ಲಿ ಮರೆಯಾದರೆ ಪಾಚಿ ಮಿತಿಮೀರಿದೆ. ಸಗಣಿ, ಗೊಬ್ಬರ ಹಾಕುವುದನ್ನು ನಿಲ್ಲಿಸಿ.
3. ಕಡು ಸೆಕೆಯ ದಿನಗಳಲ್ಲಿ ಹಿಂಡಿ, ತೌಡನ್ನು ಕಡಮೆ ಮಾಡಿ. ಮೀನು ಮೇಲೆ ಬಂದು ಗುಟುಕರಿಸಿದ ದಿನ ಏನನ್ನೂ ಹಾಕಬೇಡಿ.
4. ಹೊಂಡದ ಒಂದು ಭಾಗಕ್ಕೆ ಗರಿಯ ಚಪ್ಪರ ಹಾಕಿ. ಪೂರ್ತಿ ಮುಚ್ಚಬೇಡಿ; ಗಾಳಿ ನೀರಿನ ಮೇಲೆ ಆಡಬೇಕು. ಎಲೆ ಉದುರಿಸುವ ಮರದ ನೆರಳಿಗಿಂತ ಚಪ್ಪರವೇ ಲೇಸು.
5. ಮಾರಾಟಕ್ಕೆ ಬಂದ ದೊಡ್ಡ ಮೀನುಗಳನ್ನು ಬಲೆ ಹಾಕಿ ತೆಗೆಯಿರಿ. ಉಳಿದವುಗಳಿಗೆ ಉಸಿರು ಸಿಗುತ್ತದೆ.

ಇಲ್ಲಿ ಒಂದು ಮಾತನ್ನು ಮನೆಯವರೊಡನೆ ಮೊದಲೇ ತೀರ್ಮಾನಿಸಬೇಕು. ಹೊಂಡದ ನೀರು ಬೆಳೆಗೂ ಬೇಕು, ಮೀನಿಗೂ ಬೇಕು. ನೀರು ಮೂರಡಿಗೆ ಇಳಿದರೆ ಮೀನನ್ನೆಲ್ಲ ಹಿಡಿದು ಮಾರಿ, ಉಳಿದ ನೀರನ್ನು ಗಿಡಗಳಿಗೆ ಬಿಡುವುದು ಜಾಣತನ. ಇನ್ನಷ್ಟು ದಪ್ಪವಾಗಲಿ ಎಂದು ಕಾದವರಿಗೆ ಎರಡೂ ತಪ್ಪುವ ಸಂಭವವಿದೆ.

ಅಪಾಯದ ಹೊತ್ತಿನಲ್ಲಿ

ಮೀನು ಗುಟುಕರಿಸುವುದನ್ನು ಕಂಡ ಕೂಡಲೇ ಪಂಪನ್ನು ಹಾಕಿ, ಹೊಂಡದ ಮೇಲ್ಭಾಗದ ನೀರನ್ನೇ ಎತ್ತಿ ಹೊಂಡಕ್ಕೇ ತುಂತುರಾಗಿ ಬೀಳಿಸಿ. ತಳದ ಕೆಸರು ಕದಡದಿರಲಿ. ಕೊಳವೆ ಬಾವಿಯ ನೀರು ತಂಪಾಗಿದ್ದರೂ ಅದರಲ್ಲಿ ಆಮ್ಲಜನಕ ಸಾಮಾನ್ಯವಾಗಿ ಕಡಮೆ. ಕಲ್ಲಿನ ಮೇಲೋ ತೂತು ಮಾಡಿದ ತಗಡಿನ ಮೇಲೋ ಹರಿಸಿ ಬಿಡಿ. ಪಂಪು ಇಲ್ಲದಿದ್ದರೆ ದಡದಲ್ಲಿ ನಿಂತು ಬಿದಿರ ಗಳುವಿನಿಂದ ನೀರನ್ನು ಬಡಿಯಿರಿ. ಬೆಳೆಗೆ ಔಷಧಿ ಹೊಡೆಯುವ ಸಿಂಪರಣಾ ಯಂತ್ರವನ್ನು ಮಾತ್ರ ಬಳಸಬೇಡಿ. ಹೊಂಡದ ಪ್ಲಾಸ್ಟಿಕ್ ಹಾಳೆ ಬಹಳ ಜಾರುತ್ತದೆ. ಕತ್ತಲಲ್ಲಿ ಒಬ್ಬರೇ ಹೋಗಬೇಡಿ. ದಡದಲ್ಲಿ ಗಟ್ಟಿ ಹಗ್ಗ ಕಟ್ಟಿರಲಿ.

ಮನೆಯ ಮೀನಿನ ತೊಟ್ಟಿ

ಮಕ್ಕಳು ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದ್ದರೆ ಅದಕ್ಕೂ ಇದೇ ನಿಯಮ. ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ದೂರವಿಡಿ. ಮುಚ್ಚಳ ತೆಗೆದು ಬಲೆಬಟ್ಟೆ ಕಟ್ಟಿ, ನೀರಿನ ಮೇಲೆ ಫ್ಯಾನಿನ ಗಾಳಿ ಆಡಲು ಬಿಡಿ. ಮಣ್ಣಿನ ಹೂಜಿಯ ನೀರು ತಣ್ಣಗಾಗುವಂತೆ, ಆವಿಯಾಗುವ ನೀರು ಶಾಖವನ್ನು ಒಯ್ಯುತ್ತದೆ. ಮಂಜುಗಡ್ಡೆ ಸುರಿದು ಒಮ್ಮೆಗೇ ತಂಪು ಮಾಡಬೇಡಿ. ಹಠಾತ್ ಬದಲಾವಣೆಯೂ ಮೀನಿಗೆ ಕೇಡು.

ಸಂಜೆಯ ಕೂಟದಲ್ಲಿ ಚರ್ಚಿಸಲು

1. ನಮ್ಮೂರ ಹೊಂಡಗಳಲ್ಲಿ ಈಗ ನೀರು ಎಷ್ಟು ಅಡಿ ಇದೆ?
2. ಬೆಳಗಿನ ಜಾವ ಸರದಿಯಂತೆ ಹೊಂಡಗಳನ್ನು ನೋಡಿ ಬರುವವರು ಯಾರು?
3. ಅಪಾಯದ ಹೊತ್ತಿಗೆ ಯಾರ ಪಂಪು ಒದಗಬಹುದು?

ಈ ಮೂರಕ್ಕೆ ಉತ್ತರ ಸಿದ್ಧವಿರುವ ಊರಿನಲ್ಲಿ ಮೀನು ಉಳಿಯುತ್ತದೆ, ನೆರೆಹೊರೆಯ ವಿಶ್ವಾಸವೂ ಉಳಿಯುತ್ತದೆ.