ದುಡ್ಡು ಬರುವುದು ಯಾವಾಗ?

ಮಗೂ,

ಈ ವರ್ಷ ಬಿ.ಕಾಂ.ಗೋ ಬಿ.ಬಿ.ಎ.ಗೋ ಸೇರಿದ್ದೀಯ. ವ್ಯವಹಾರ ಅಧ್ಯಯನದ ಮೊದಲ ಪುಸ್ತಕ ಕೈಗೆ ಬಂದಿರುತ್ತದೆ. ಅದರಲ್ಲಿ ಆಡಳಿತದ ತತ್ವಗಳಿವೆ, ಮಾರ್ಕೆಟಿಂಗಿನ ನಾಲ್ಕು ‘ಪಿ’ಗಳಿವೆ, ಪಾಲುದಾರಿಕೆಗೂ ಕಂಪನಿಗೂ ಇರುವ ವ್ಯತ್ಯಾಸವಿದೆ, ಡೆಬಿಟ್-ಕ್ರೆಡಿಟ್ಟಿನ ನಿಯಮಗಳಿವೆ. ಒಂದೂ ಬೇಡದ್ದಲ್ಲ. ಆದರೆ ಎಲ್ಲಕ್ಕೂ ಒಂದೇ ತೂಕ ಕೊಟ್ಟು ಓದಿದವರು, ಪದವಿ ಮುಗಿಸಿ ನಿಜವಾದ ಒಂದು ಅಂಗಡಿಯ ಲೆಕ್ಕದ ಮುಂದೆ ಕೂತಾಗ ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ತಡವರಿಸುತ್ತಾರೆ. ಅದು ಅವರ ದಡ್ಡತನವಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ನನ್ನ ಅಭಿಪ್ರಾಯ ಇಷ್ಟು: ಮೊದಲು ಕಲಿಯಬೇಕಾದದ್ದು ಲಾಭ ಬೇರೆ, ಕೈಗೆ ಬಂದ ನಗದು ಬೇರೆ ಎಂಬುದನ್ನು. ಇವೆರಡರ ನಡುವೆ ನಿಂತಿರುವುದು ಕಾಲ. ಯಾವ ವ್ಯವಹಾರವನ್ನು ನೋಡಿದರೂ, ದುಡ್ಡು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ, ಆ ನಡುವಿನ ದಿನಗಳನ್ನು ಯಾರ ಹಣ ತೂಗಿಸುತ್ತಿದೆ ಎಂದು ಕೇಳುವುದನ್ನು ಅಭ್ಯಾಸ ಮಾಡಿಕೋ. ಪುಸ್ತಕದ ಉಳಿದ ಅಧ್ಯಾಯಗಳೆಲ್ಲ ಈ ಪ್ರಶ್ನೆಯ ಸುತ್ತ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ.

ಮಾತಿಗಿಂತ ಲೆಕ್ಕ ವಾಸಿ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪನ್ನು ಕಲ್ಪಿಸಿಕೋ: ಮೂರು ಲೇತು, ಒಂದು ಸಿಎನ್‌ಸಿ ಯಂತ್ರ, ಹತ್ತು ಮಂದಿ ಕೆಲಸಗಾರರು. ದೊಡ್ಡ ಕಂಪನಿಯೊಂದಕ್ಕೆ ತಿಂಗಳಿಗೆ 10 ಲಕ್ಷ ರೂಪಾಯಿಯ ಬಿಡಿಭಾಗ ಮಾಡಿಕೊಡುತ್ತದೆ. ಉಕ್ಕು, ಸಂಬಳ, ಕರೆಂಟು, ಬಾಡಿಗೆ ಎಲ್ಲ ಸೇರಿ ಖರ್ಚು 8 ಲಕ್ಷ. ತಿಂಗಳಿಗೆ 2 ಲಕ್ಷ ಲಾಭ ಎಂದರೆ ಯಾರೂ ಬೇಡವೆನ್ನುವುದಿಲ್ಲ. ಆದರೆ ಖರ್ಚೆಲ್ಲ ಆಯಾ ತಿಂಗಳೇ ಕೈಬಿಟ್ಟು ಹೋಗುತ್ತದೆ. ಕಂಪನಿ ಹಣ ಕೊಡುವುದು ಬಿಲ್ ಹಾಕಿದ 90 ದಿನದ ಮೇಲೆ. ಮೊದಲ ತಿಂಗಳ ಕೊನೆಗೆ 8 ಲಕ್ಷ ಹೊರಗಿದೆ, ಎರಡನೆಯ ತಿಂಗಳಿಗೆ 16, ಮೂರನೆಯದಕ್ಕೆ 24. ಆ ಹೊತ್ತಿಗೆ ಪುಸ್ತಕ ತೋರಿಸುತ್ತಿರುವುದು 6 ಲಕ್ಷ ಲಾಭ. ನಾಲ್ಕನೆಯ ತಿಂಗಳು ಮೊದಲ ಬಿಲ್ಲಿನ ಹಣ ಬರುತ್ತದೆ. ಕೆಲಸ ಮೆಚ್ಚಿದ ಕಂಪನಿ ಅದೇ ತಿಂಗಳಿಂದ ಆರ್ಡರನ್ನು ಎರಡರಷ್ಟು ಮಾಡುತ್ತದೆ ಎನ್ನೋಣ. ಈಗ ಖರ್ಚು ತಿಂಗಳಿಗೆ 16 ಲಕ್ಷ, ಬರುತ್ತಿರುವುದು ಹಳೆಯ ಬಿಲ್ಲುಗಳ 10 ಲಕ್ಷ. ಆರನೆಯ ತಿಂಗಳ ಕೊನೆಗೆ ಹೊರಗಿರುವ ಹಣ 42 ಲಕ್ಷ, ಪುಸ್ತಕದ ಲಾಭ 18 ಲಕ್ಷ. ಇದರ ಮೇಲೆ ಜಿಎಸ್‌ಟಿ ಇದೆ. ಬಿಲ್ ಹಾಕಿದ ಮರುತಿಂಗಳು, ಕೊಂಡ ಮಾಲಿನ ಮೇಲೆ ಆಗಲೇ ಕಟ್ಟಿದ ತೆರಿಗೆ ಕಳೆದು ಉಳಿದದ್ದನ್ನು ಸರ್ಕಾರಕ್ಕೆ ಕಟ್ಟಬೇಕು. ಕಂಪನಿ ನಿನಗೆ ಹಣ ಕೊಟ್ಟಿದೆಯೋ ಇಲ್ಲವೋ ಅದು ಲೆಕ್ಕಕ್ಕಿಲ್ಲ. ಈ 42 ಲಕ್ಷ ಹೊಂದಿಸಲಾಗದೆ ಆ ವರ್ಕ್‌ಶಾಪು ಬಾಗಿಲು ಹಾಕಿತೆಂದರೆ, ಅದು ಬಾಗಿಲು ಹಾಕಿದ್ದು ನಷ್ಟದಿಂದಲ್ಲ, ಗಿರಾಕಿಯಿಲ್ಲದೆ ಅಲ್ಲ, ಕೆಲಸ ಬಾರದೆ ಅಲ್ಲ. ಬೆಳೆದದ್ದರಿಂದ. ಪೆನ್ನು ತೆಗೆದುಕೊಂಡು ಈ ಲೆಕ್ಕವನ್ನು ನೀನೇ ಒಮ್ಮೆ ತಿಂಗಳುವಾರು ಬರೆದು ನೋಡು. ದುಡಿಯುವ ಬಂಡವಾಳ ಎಂಬುದನ್ನು ನಾಲ್ಕು ಸಾಲಿನ ವ್ಯಾಖ್ಯೆಯಾಗಿ ಬಾಯಿಪಾಠ ಮಾಡುವ ಅಗತ್ಯ ಆಮೇಲೆ ಬೀಳುವುದಿಲ್ಲ.

ಲಾಭವಿದ್ದೂ ಮುಚ್ಚುವುದಕ್ಕೆ ತದ್ವಿರುದ್ಧವಾದದ್ದೂ ನಡೆಯುತ್ತದೆ, ಅದೂ ಬಹಳ ದೊಡ್ಡ ಪ್ರಮಾಣದಲ್ಲಿ. ಬೆಂಗಳೂರು ಮೂಲದ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಹಾರಾಟ ಶುರುಮಾಡಿತು. 2012ರ ಅಕ್ಟೋಬರಿನಲ್ಲಿ ಅದರ ವಿಮಾನಗಳು ನೆಲಕ್ಕಿಳಿದು ನಿಂತವು. ಈ ಏಳು ವರ್ಷಗಳಲ್ಲಿ ಒಂದು ವರ್ಷವೂ ಅದು ಲಾಭ ಕಂಡಿರಲಿಲ್ಲ. ಲಾಭವಿಲ್ಲದೆ ಒಂದು ವಿಮಾನಯಾನ ಸಂಸ್ಥೆ ಏಳು ವರ್ಷ ಹೇಗೆ ಹಾರಿತು? ಬ್ಯಾಂಕುಗಳ ಸಾಲ ಬರುತ್ತಿದ್ದಷ್ಟು ದಿನ ಹಾರಿತು. ಸಾಲದ ಹರಿವು ನಿಂತಾಗ ಇಂಧನದ ಹಣ ಬಾಕಿ, ತೆರಿಗೆ ಬಾಕಿ, ನೌಕರರ ತಿಂಗಳುಗಟ್ಟಲೆ ಸಂಬಳ ಬಾಕಿ. ಇನ್ನೊಂದು ಬಗೆಯ ಉದಾಹರಣೆ 2018ರಲ್ಲಿ ಕುಸಿದ ಐಎಲ್&ಎಫ್‌ಎಸ್. ರಸ್ತೆ, ವಿದ್ಯುತ್ತಿನಂಥ ಯೋಜನೆಗಳಿಗೆ ಹಣ ಹಾಕಿದ್ದ ಗುಂಪು ಅದು. ಅಂಥ ಯೋಜನೆಗಳಿಂದ ಹಣ ವಾಪಸು ಬರಲು ದಶಕಗಳು ಬೇಕು. ಅದು ಎತ್ತಿದ ಸಾಲದಲ್ಲಿ ಸಾಕಷ್ಟು ಭಾಗ ಬೇಗ ತೀರಿಸಬೇಕಾದದ್ದು. ರಸ್ತೆಗಳು ಸುಳ್ಳಾಗಿರಲಿಲ್ಲ, ಟೋಲ್ ಹಣವೂ ಬರುತ್ತಿತ್ತು. ಕಂತಿನ ದಿನಾಂಕಕ್ಕೂ ಆದಾಯದ ದಿನಾಂಕಕ್ಕೂ ಹೊಂದಾಣಿಕೆ ಇರಲಿಲ್ಲ. ಸುಮಾರು 90 ಸಾವಿರ ಕೋಟಿ ರೂಪಾಯಿ ಸಾಲದ ಆ ಗುಂಪು ತಪ್ಪಿದಾಗ ದೇಶದ ಹಣಕಾಸು ಕಂಪನಿಗಳೆಲ್ಲ ಅಲುಗಾಡಿದವು. ಲಾಭದ ಪಟ್ಟಿಯೊಂದನ್ನೇ ನೋಡಲು ಕಲಿತವನಿಗೆ ಈ ಎರಡೂ ಅರ್ಥವಾಗುವುದಿಲ್ಲ.

ನಮ್ಮ ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಡೆ ಈ ಪಾಠವನ್ನು ಕಬ್ಬು ಬೆಳೆದವರು ಪ್ರತಿ ವರ್ಷ ಕಲಿಯುತ್ತಾರೆ, ಮತ್ತು ಅದಕ್ಕೆ ಭಾರೀ ಶುಲ್ಕ ತೆರುತ್ತಾರೆ. ಕಾರ್ಖಾನೆ ಕಬ್ಬು ನುರಿಸುವುದು ವರ್ಷದ ಕೆಲವೇ ತಿಂಗಳು. ಅಷ್ಟರಲ್ಲಿ ಬಂದ ಸಕ್ಕರೆ ಮಾರಾಟವಾಗುವುದು ವರ್ಷವಿಡೀ. 2018ರಿಂದ ಈಚೆಗೆ ತಿಂಗಳಿಗೆ ಎಷ್ಟು ಮಾರಬಹುದೆಂದು ಕೇಂದ್ರ ಸರ್ಕಾರವೇ ಕಾರ್ಖಾನೆಗಳಿಗೆ ಗೊತ್ತುಮಾಡುತ್ತಿದೆ. ಆದರೆ 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ರೈತನಿಗೆ ಹಣ ಸಂದಾಯವಾಗಬೇಕು, ತಡವಾದರೆ ವರ್ಷಕ್ಕೆ ಶೇಕಡ 15ರ ಬಡ್ಡಿ ಸೇರಬೇಕು. 14 ದಿನಕ್ಕೆ ಕೊಡಬೇಕಾದ ಹಣಕ್ಕೂ 12 ತಿಂಗಳಲ್ಲಿ ಬರುವ ಹಣಕ್ಕೂ ನಡುವಿನ ಹಳ್ಳವನ್ನು ಗೋದಾಮಿನ ಸಕ್ಕರೆಯನ್ನು ಅಡವಿಟ್ಟು ತಂದ ಬ್ಯಾಂಕ್ ಸಾಲ ತುಂಬಬೇಕು. ಅದು ಸಾಲದೆ ಬಂದಾಗ ತುಂಬುವವನು ರೈತ. ಅವನ ಬಾಕಿಯೇ ಕಾರ್ಖಾನೆಯ ದುಡಿಯುವ ಬಂಡವಾಳವಾಗಿಬಿಡುತ್ತದೆ. ಅವನು ಮುಂದಿನ ಬೆಳೆಗೆ ಗೊಬ್ಬರ ತರಲು ಸಾಲ ಮಾಡುತ್ತಾನೆ, ಆ ಸಾಲಕ್ಕೆ ಬಡ್ಡಿ ಕಟ್ಟುತ್ತಾನೆ. ಕಬ್ಬಿನ ಬಾಕಿಯ ಸುದ್ದಿಯನ್ನು ಪತ್ರಿಕೆಯಲ್ಲಿ ರಾಜಕೀಯದ ಸುದ್ದಿಯಂತೆ ಓದುತ್ತೇವೆ. ನಿನ್ನ ಪಠ್ಯದ ಮೊದಲ ಅಧ್ಯಾಯವಾಗಬೇಕಾದ ವಿಷಯ ಅದು.

ಇಷ್ಟು ಹೇಳಿದ ಮೇಲೆ ನಿನ್ನ ಮನಸ್ಸಿನಲ್ಲಿ ಆಕ್ಷೇಪಗಳು ಎದ್ದಿರಬೇಕು. ಗಿರಾಕಿಯೇ ಇಲ್ಲದ ಮೇಲೆ ನಗದಿನ ಮಾತೇಕೆ, ಮೊದಲು ಕಲಿಯಬೇಕಾದದ್ದು ಜನಕ್ಕೆ ಏನು ಬೇಕು ಎಂಬುದನ್ನಲ್ಲವೇ ಎಂದು ಕೇಳುವ ಅಧ್ಯಾಪಕರಿದ್ದಾರೆ. ಅವರ ಮಾತಿನಲ್ಲಿ ಸತ್ವವಿದೆ. ಬೇಡದ ಮಾಲನ್ನು ಎಂಥ ಲೆಕ್ಕಪತ್ರವೂ ಮಾರಿಕೊಡಲಾರದು. ಆದರೆ ಗಿರಾಕಿ ಎಂದರೆ ಮಾಲು ಒಯ್ದವನಷ್ಟೇ ಅಲ್ಲ, ಹಣ ಕೊಟ್ಟವನು. ಅವನು ಎಷ್ಟು ದಿನಕ್ಕೆ ಕೊಡುತ್ತಾನೆ ಎಂಬುದೂ ಬೆಲೆಯ ಭಾಗವೇ. ಮೇಲಿನ ವರ್ಕ್‌ಶಾಪು 8 ಲಕ್ಷವನ್ನು ಶೇಕಡ 12ರ ಬಡ್ಡಿಗೆ ಮೂರು ತಿಂಗಳು ತಂದರೆ 24 ಸಾವಿರ ರೂಪಾಯಿ ಬಡ್ಡಿ. ಅಷ್ಟು ಲಾಭ ಯಾರೂ ರಿಯಾಯಿತಿ ಕೇಳದೆಯೇ ಹೋಯಿತು. ಉದ್ರಿ ಕೊಟ್ಟು ಮಾರಾಟ ಹೆಚ್ಚಿಸಿದ ಸೇಲ್ಸ್‌ಮನ್‌ಗೆ ಇದು ಗೊತ್ತಿರುವುದಿಲ್ಲ, ಗೊತ್ತಿರಬೇಕು. ಗಿರಾಕಿಯನ್ನು ಅರಿಯುವುದಕ್ಕೂ ಹಣದ ಕಾಲವನ್ನು ಅರಿಯುವುದಕ್ಕೂ ನಾನು ಜಗಳ ಹಚ್ಚುತ್ತಿಲ್ಲ. ಎರಡನೆಯದನ್ನು ಬಿಟ್ಟರೆ ಮೊದಲನೆಯದು ಅರ್ಧವೇ ಆಗುತ್ತದೆ.

ಸ್ಟಾರ್ಟಪ್ಪುಗಳ ಊರಿನಲ್ಲಿ ಕೂತು ಈ ಮಾತೇ ಎಂದು ನೀನು ಕೇಳಬಹುದು. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ವರ್ಷಗಟ್ಟಲೆ ನಷ್ಟದಲ್ಲೇ ನಡೆಯಿತು; 2018ರಲ್ಲಿ ವಾಲ್‌ಮಾರ್ಟ್ ಅದರ ಶೇಕಡ 77ರಷ್ಟು ಪಾಲನ್ನು 1,600 ಕೋಟಿ ಡಾಲರಿಗೆ ಕೊಂಡಿತು. ನಿಜ. ಆದರೆ ಇದು ನನ್ನ ವಾದಕ್ಕೆ ಪುಷ್ಟಿ ಕೊಡುವ ಸಂಗತಿ. ನಷ್ಟದಲ್ಲಿರುವ ಸ್ಟಾರ್ಟಪ್ಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ, ಬ್ಯಾಂಕಿನಲ್ಲಿರುವ ಹಣ ಇನ್ನೆಷ್ಟು ತಿಂಗಳಿಗೆ ಸಾಕು ಎಂಬುದು. ಅಲ್ಲಿ ಖಾಲಿ ದಿನಗಳನ್ನು ತೂಗಿಸುತ್ತಿರುವುದು ಹೂಡಿಕೆದಾರರ ಹಣ, ಅವರು ಅದನ್ನು ತಿಳಿದೇ ಹಾಕಿದ್ದಾರೆ. ನಷ್ಟ ತಪ್ಪಲ್ಲ, ಅದನ್ನು ಯಾರು ಒಪ್ಪಿ ಹೊತ್ತಿದ್ದಾರೆ, ಎಲ್ಲಿಯವರೆಗೆ ಹೊತ್ತಾರು ಎಂದು ತಿಳಿಯದಿರುವುದು ತಪ್ಪು.

ನಗದನ್ನೂ ಸುಳ್ಳು ಬರೆಯಬಹುದಲ್ಲ ಎಂಬ ಆಕ್ಷೇಪ ಇವಕ್ಕಿಂತ ಗಟ್ಟಿಯಾದದ್ದು. ಬರೆದವರಿದ್ದಾರೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರು ತಮ್ಮ ಆಡಳಿತ ಮಂಡಳಿಗೆ ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಹಾಗಾದರೆ ನಗದಿನ ಅಂಕಿಯನ್ನು ನಂಬುವುದೇಕೆ? ಲಾಭದ ಅಂಕಿಯಲ್ಲಿ ಅಂದಾಜುಗಳಿವೆ. ಯಂತ್ರದ ಸವಕಳಿ ಎಷ್ಟು, ಬಾಕಿಯಲ್ಲಿ ಬಾರದೆ ಹೋಗುವುದು ಎಷ್ಟು, ಗೋದಾಮಿನ ಮಾಲಿನ ಬೆಲೆ ಎಷ್ಟು ಎಂಬಲ್ಲೆಲ್ಲ ಪ್ರಾಮಾಣಿಕರಾದ ಇಬ್ಬರು ಎರಡು ಅಂಕಿ ಹೇಳಬಹುದು. ಬ್ಯಾಂಕಿನಲ್ಲಿರುವ ಹಣದ ವಿಷಯದಲ್ಲಿ ಹಾಗಿಲ್ಲ. ಇದೆ ಅಥವಾ ಇಲ್ಲ. ಬ್ಯಾಂಕಿಗೇ ನೇರವಾಗಿ ಬರೆದು ಕೇಳಿದರೆ ಉತ್ತರ ಸಿಗುತ್ತದೆ. ಸತ್ಯಂ ಪ್ರಕರಣದಲ್ಲಿ ಆ ಸರಳವಾದ ಖಾತ್ರಿಯನ್ನು ಮಾಡಬೇಕಾದ ರೀತಿಯಲ್ಲಿ ಮಾಡಿರಲಿಲ್ಲ. ಆದ್ದರಿಂದ ಕಲಿಯಬೇಕಾದದ್ದು ಅಂಕಿ ಓದುವುದನ್ನಷ್ಟೇ ಅಲ್ಲ, ಆ ಅಂಕಿಗೆ ಹೊರಗಿನ ಸಾಕ್ಷಿ ಯಾವುದೆಂದು ಕೇಳುವುದನ್ನು. ಆಡಿಟಿಂಗ್ ಎಂದು ಮುಂದೆ ಒಂದು ದಪ್ಪ ಪುಸ್ತಕ ಬರುತ್ತದೆ. ಅದರ ಪ್ರಾಣ ಈ ಒಂದು ಪ್ರಶ್ನೆಯಲ್ಲಿದೆ.

ನನ್ನನ್ನು ನಿಜವಾಗಿ ಕಾಡುವ ಆಕ್ಷೇಪ ಇನ್ನೊಂದಿದೆ. ‘ಬೇಗ ವಸೂಲು ಮಾಡು, ತಡವಾಗಿ ಕೊಡು’ ಎಂದು ಹುಡುಗರಿಗೆ ಕಲಿಸಿದರೆ, ಕಂಪನಿ ಸೇರಿದ ದಿನದಿಂದ ಅವರು ಮಾಡುವುದು ಸಣ್ಣವರ ಹಣ ತಡೆಹಿಡಿಯುವುದನ್ನೇ ಅಲ್ಲವೇ? ಎಷ್ಟೋ ಕಡೆ ಅದೇ ಜಾಣತನವೆನಿಸಿಕೊಂಡಿದೆ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಮಾಲು ಕೊಂಡವರು, ಒಪ್ಪಂದ ಏನೇ ಇರಲಿ, 45 ದಿನ ಮೀರಿಸುವಂತಿಲ್ಲ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಿ ಕೊಡಬೇಕು. ಹಾಗಾದರೆ ಪೀಣ್ಯದ ಲೆಕ್ಕದಲ್ಲಿ ನಾನು ಹಾಕಿದ 90 ದಿನವೇ ಕಾನೂನಿಗೆ ವಿರುದ್ಧ ಎಂದು ನಿನಗೆ ಹೊಳೆದಿರಬೇಕು. ಅದು ವಾಡಿಕೆಗೆ ವಿರುದ್ಧವಲ್ಲ ಎಂಬುದೇ ದುಃಖ. ಮುಂದಿನ ಆರ್ಡರ್ ಕೈತಪ್ಪೀತೆಂಬ ಭಯದಲ್ಲಿ ಬಡ್ಡಿ ಕೇಳುವ ಸಣ್ಣವರು ಅಪರೂಪ. ಅದಕ್ಕೇ 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯ ಕಡೆಯಿಂದ ಇನ್ನೊಂದು ಹಿಡಿತ ತಂದಿತು: ಅವಧಿಯೊಳಗೆ ಕೊಡದ ಹಣವನ್ನು, ನಿಜವಾಗಿ ಕೊಡುವ ವರ್ಷದವರೆಗೆ, ಕೊಂಡವರು ಖರ್ಚೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ. ಕೊಳ್ಳುವವರು ಸಣ್ಣವರನ್ನೇ ಬಿಟ್ಟು ಬೇರೆಡೆ ಹೋದಾರು ಎಂಬ ಆತಂಕ ಆಗಲೇ ಕೇಳಿಬಂತು, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ಆಕ್ಷೇಪಕ್ಕೆ ನನ್ನ ಉತ್ತರ ಸ್ಪಷ್ಟ. ಹಣದ ಕಾಲವನ್ನು ಕಲಿಸದೆ ಇದ್ದರೆ ಶೋಷಣೆ ನಿಲ್ಲುವುದಿಲ್ಲ, ಕಾಣದೆ ಇರುತ್ತದೆ ಅಷ್ಟೇ. ವ್ಯವಹಾರ ನೀತಿ ಎಂದು ಪ್ರತ್ಯೇಕ ಅಧ್ಯಾಯ ಓದಿ ಬರುವ ಸದ್ಭಾವನೆಗಿಂತ, ನಾನು ಇಂದು ಸಹಿ ಹಾಕದೆ ಉಳಿಸಿದ ಚೆಕ್ಕಿನ ಬಡ್ಡಿಯನ್ನು ಯಾರು ಕಟ್ಟುತ್ತಿದ್ದಾರೆ ಎಂದು ಲೆಕ್ಕ ಹಾಕಬಲ್ಲವನ ಮೇಲೆ ನನಗೆ ಭರವಸೆ ಹೆಚ್ಚು.

ಇದೇ ತಿಳಿವಳಿಕೆಯಿಂದ ಒಳ್ಳೆಯದನ್ನೂ ಕಟ್ಟಬಹುದು, ಕಟ್ಟಿದ್ದಾರೆ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು 8,000 ರೂಪಾಯಿ ಬಂಡವಾಳದಲ್ಲಿ ಶುರುಮಾಡಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು: ಏಜೆಂಟ್ ದಿನಾ ಮನೆ, ಅಂಗಡಿಯ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಂಡು ಹೋಗುವ ಏರ್ಪಾಡು. ಮೀನು ಮಾರುವವಳಿಗೆ, ನೇಕಾರನಿಗೆ, ಗೂಡಂಗಡಿಯವನಿಗೆ ಹಣ ಬರುವುದು ದಿನದಿನ; ಬೇಕಾಗುವುದು ಹಬ್ಬಕ್ಕೆ, ಮಳೆಗಾಲಕ್ಕೆ, ಮಗಳ ಮದುವೆಗೆ. ತಿಂಗಳ ಸಂಬಳದವರಿಗೆಂದು ಮಾಡಿದ ಉಳಿತಾಯದ ಕ್ರಮ ಅವರಿಗೆ ಒಗ್ಗುವುದಿಲ್ಲ ಎಂದು ಕಂಡುಕೊಂಡದ್ದೇ ಆ ಯೋಜನೆಯ ಜೀವ. ಬಡವರಲ್ಲಿ ಉಳಿತಾಯದ ಬುದ್ಧಿಯಿಲ್ಲ ಎಂಬ ಮಾತನ್ನು ಅದು ಸುಳ್ಳು ಮಾಡಿತು. ಅವರಲ್ಲಿ ಇಲ್ಲದ್ದು ಬುದ್ಧಿಯಲ್ಲ, ಅವರ ದುಡಿಮೆಯ ದಿನಚರಿಗೆ ಹೊಂದುವ ಬ್ಯಾಂಕು.

ಲೆಕ್ಕವನ್ನೆಲ್ಲ ಟ್ಯಾಲಿ ತಂತ್ರಾಂಶವೇ ಮಾಡಿಕೊಡುತ್ತದೆ, ನಾನೇಕೆ ಕಲಿಯಲಿ ಎನ್ನಬೇಡ. ಬರೆಯುವ ಕೆಲಸವನ್ನು ಅದು ಮಾಡುತ್ತದೆ, ಓದುವ ಕೆಲಸ ನಿನ್ನದು. ಇನ್ನೊಂದನ್ನು ಗಮನಿಸು: ಕಂಪನಿ ಕಾಯ್ದೆ 2013ರ ಪ್ರಕಾರ ನಗದು ಹರಿವಿನ ಪಟ್ಟಿ ಹಣಕಾಸು ಲೆಕ್ಕದ ಭಾಗ, ಆದರೆ ಸಣ್ಣ ಕಂಪನಿಗಳಿಗೆ ಅದರಿಂದ ವಿನಾಯಿತಿಯಿದೆ. ಕಾಗದದ ಹೊರೆ ತಪ್ಪಿಸಲು ಕೊಟ್ಟ ಸೌಲಭ್ಯ ಸರಿಯೇ. ಆದರೆ ಆ ಪಟ್ಟಿ ಯಾರಿಗೆ ಅತ್ಯಗತ್ಯವೋ ಅವರೇ ಅದನ್ನು ಮಾಡದೆ ಉಳಿಯುತ್ತಾರೆ. ಹಲವು ಕಡೆ ಪಠ್ಯದಲ್ಲೂ ಅದು ಕೊನೆಯ ಸೆಮಿಸ್ಟರುಗಳವರೆಗೆ ಬರುವುದಿಲ್ಲ. ನೀನು ಅಲ್ಲಿಯವರೆಗೆ ಕಾಯಬೇಡ.

ಈ ವಾರವೇ ಷೇರುಪೇಟೆಯಲ್ಲಿರುವ, ನಿನಗೆ ಹೆಸರು ಗೊತ್ತಿರುವ ಯಾವುದಾದರೂ ಕಂಪನಿಯ ವಾರ್ಷಿಕ ವರದಿಯನ್ನು ಅದರ ಜಾಲತಾಣದಿಂದ ಇಳಿಸಿಕೋ. ಅಧ್ಯಕ್ಷರ ಭಾಷಣ, ಬಣ್ಣದ ಚಿತ್ರಗಳನ್ನು ದಾಟಿ ಲೆಕ್ಕಪತ್ರಗಳಿಗೆ ಹೋಗು. ಲಾಭ ಎಷ್ಟೆಂದು ನೋಡು, ನಗದು ಹರಿವಿನ ಪಟ್ಟಿಯಲ್ಲಿ ವ್ಯಾಪಾರದಿಂದ ಬಂದ ನಗದು ಎಷ್ಟೆಂದು ನೋಡು, ಎರಡರ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕು. ಆಮೇಲೆ ಕೊಡಬೇಕಾದ ಬಾಕಿಗಳ ಟಿಪ್ಪಣಿಗೆ ಬಾ. 2021ರಿಂದ ಆ ಬಾಕಿಗಳನ್ನು ಒಂದು ವರ್ಷದೊಳಗಿನದು, ಒಂದರಿಂದ ಎರಡು, ಎರಡರಿಂದ ಮೂರು, ಮೂರು ವರ್ಷ ಮೀರಿದ್ದು ಎಂದು ವಿಂಗಡಿಸಿ, ಎಂಎಸ್‌ಎಂಇಗಳಿಗೆ ಕೊಡಬೇಕಾದದ್ದನ್ನು ಬೇರೆ ಸಾಲಿನಲ್ಲಿ ತೋರಿಸಲೇಬೇಕು. ಆ ಸಾಲಿನ ಅಂಕಿಗಳನ್ನು ಬರೆದುಕೊಂಡು ತರಗತಿಗೆ ಹೋಗು. ಅವು ಯಾಕೆ ಅಲ್ಲಿವೆ ಎಂದು ನಿನ್ನ ಅಧ್ಯಾಪಕರನ್ನು ಕೇಳು.

ನಿನ್ನ ಹಿತೈಷಿ